ಓದದೆ ಬಿಟ್ಟ ಐದು ವಾಕ್ಯ

ಸೆಪ್ಟೆಂಬರ್ 1, 2024, ಭಾನುವಾರ

ಬೆಳಗಿನ ಪೂಜೆಯಲ್ಲಿ ಇವತ್ತು ಮಾರ್ಕನ ಶುಭಸಂದೇಶದ ಏಳನೇ ಅಧ್ಯಾಯ. ಶಿಷ್ಯರು ಕೈ ತೊಳೆಯದೆ ಊಟಕ್ಕೆ ಕೂತರು ಅಂತ ಫರಿಸಾಯರು, ಅಂದರೆ ಆಚಾರದಲ್ಲಿ ಕಟ್ಟುನಿಟ್ಟಿನ ಯೆಹೂದ್ಯರು, ತಗಾದೆ ತೆಗೆಯುತ್ತಾರಲ್ಲ, ಅದು. ನಾನು ಅಪ್ಪನ ಹಳೇ ಬೈಬಲ್ ತಗೊಂಡು ಹೋಗಿದ್ದೆ. ಫಾದರ್ ಓದುತ್ತಿದ್ದಂತೆ ಬೆರಳಿಟ್ಟು ಸಾಲು ಹಿಡಿದು ಹೋಗುವುದು ನನಗೆ ಅಪ್ಪನಿಂದಲೇ ಬಂದ ಅಭ್ಯಾಸ. ಎಂಟನೇ ವಾಕ್ಯ ಮುಗಿಯಿತು. ಮುಂದಿನದ್ದು ಹದಿನಾಲ್ಕು! ನನ್ನ ಬೆರಳು ಒಂಬತ್ತರ ಮೇಲೇ ಉಳಿಯಿತು.

ಬಿಟ್ಟುಹೋದ ಐದು ವಾಕ್ಯಗಳನ್ನು ಪ್ರಬೋಧನೆಯ ಹೊತ್ತಲ್ಲಿ ಸುಮ್ನೆ ಓದಿಕೊಂಡೆ. ಓದಿದ ಮೇಲೆ ಪ್ರಬೋಧನೆ ಕಿವಿಗೆ ಬೀಳಲಿಲ್ಲ.

ಅಲ್ಲಿ ಯೇಸು ಫರಿಸಾಯರಿಗೆ ಹೇಳುವುದು ಇಷ್ಟು. ತಂದೆತಾಯಿಯನ್ನು ಗೌರವಿಸು ಅಂತ ಮೋಶೆ ಹೇಳಿದ್ದಾನೆ. ನಿಮ್ಮಲ್ಲಿ ಒಬ್ಬ ಅಪ್ಪನಿಗೆ ಕೊಡಬೇಕಾದದ್ದನ್ನು ತೋರಿಸಿ 'ಇದು ಕೊರ್ಬಾನ್' ಅಂದುಬಿಟ್ಟರೆ ಆಯಿತು. ಕೊರ್ಬಾನ್ ಅಂದರೆ ದೇವರಿಗೆ ಮೀಸಲು. ನಮ್ಮ ಮಾತಲ್ಲಿ ಮುಡಿಪು. ಮುಡಿಪು ಕಟ್ಟಿದ ಮೇಲೆ ಬಿಚ್ಚುವ ಹಾಗಿಲ್ಲ. ಅಪ್ಪ ಉಪವಾಸ ಬಿದ್ದರೂ ನೀವು ಆ ಮಗನಿಗೆ ಏನೂ ಮಾಡಗೊಡುವುದಿಲ್ಲ, ನಿಮ್ಮ ಸಂಪ್ರದಾಯಕ್ಕಾಗಿ ದೇವರ ಮಾತನ್ನೇ ಅಳಿಸಿಬಿಟ್ಟಿರಿ, ಅನ್ನುತ್ತಾನೆ.

ನನ್ನ ಮುಡಿಪಿನ ಕಥೆ ಹೇಳಬೇಕು. ಹೋದ ವರ್ಷ ಅಪ್ಪನಿಗೆ ಸ್ಟ್ರೋಕ್ ಆದಾಗ ಹರಕೆ ಹೊತ್ತಿದ್ದೆ. ಅಪ್ಪ ಎದ್ದು ಓಡಾಡಿದರೆ ಮೂರು ವರ್ಷ ಕಾವಿ ಉಟ್ಟು ಶಿವಾಜಿನಗರದ ಮೇರಿ ಮಾತೆಯ ನೊವೆನಾಗೆ, ಹಬ್ಬಕ್ಕೆ ಮುಂಚಿನ ಒಂಬತ್ತು ದಿನದ ಪ್ರಾರ್ಥನೆಗೆ, ಒಂದು ದಿನವೂ ತಪ್ಪಿಸದೆ ಬರುತ್ತೇನೆ ಅಂತ. ಅಪ್ಪ ಎದ್ದರು. ಬಲಗೈ ಮಾತ್ರ ಇನ್ನೂ ಸರಿಯಾಗಿಲ್ಲ. ಗುರುವಾರ ನೊವೆನಾದ ಬಾವುಟ ಏರಿತು, ಅವತ್ತಿಂದ ದಿನಾ ಸಂಜೆ ಹೊರಟೆ. ಜಾಲಹಳ್ಳಿಯಿಂದ ಎರಡು ಬಸ್ಸು. ಮನೆಗೆ ಬರುವಾಗ ಒಂಬತ್ತೂವರೆ.

ಶುಕ್ರವಾರ ಬಂದಾಗ ಅಪ್ಪ ಊಟ ಮಾಡಿರಲಿಲ್ಲ. ಡಬ್ಬಿ ಎದುರಿಗೇ ಇತ್ತು.

'ಯಾಕಪ್ಪಾ?'

'ಹಸಿವಿರಲಿಲ್ಲ.'

ಡಬ್ಬಿ ಕೈಗೆ ತಗೊಂಡಾಗ ಗೊತ್ತಾಯಿತು. ಸ್ಟೀಲ್ ಮುಚ್ಚಳದ ಅಂಚಿನಲ್ಲಿ ಗೀರುಗಳು. ಪಕ್ಕದಲ್ಲಿದ್ದ ಚಮಚದ ತುದಿ ಸೊಟ್ಟಗಾಗಿತ್ತು. ಎಡಗೈಯಲ್ಲಿ ಎಷ್ಟು ಹೊತ್ತು ಒದ್ದಾಡಿದ್ದರೋ. ನಲವತ್ತು ವರ್ಷ ಕತ್ತರಿ ಹಿಡಿದ ಟೈಲರ್ ನಮ್ಮಪ್ಪ, ಒಂದು ಮುಚ್ಚಳ ತೆಗೆದುಕೊಡಿ ಅಂತ ಪಕ್ಕದ ಮನೆಗೆ ಹೋಗುತ್ತಾರಾ? ಬೆಳಿಗ್ಗೆ ಮಾಡಿದ ಅನ್ನ, ಗಟ್ಟಿಯಾಗಿಹೋಗಿತ್ತು. ಬಿಸಿ ಮಾಡಿ ಕಲಸಿ ಕೊಟ್ಟೆ. ಹಸಿವಿರಲಿಲ್ಲ ಅಂದವರು ಪೂರ್ತಿ ತಿಂದರು.

ಆದರೂ ಶನಿವಾರ ಮತ್ತೆ ಹೋದೆ. ಹರಕೆ ಅಲ್ವಾ! ಮುಚ್ಚಳ ಸಡಿಲ ಮಾಡಿಟ್ಟು ಹೋದೆ, ಅಷ್ಟೇ ವ್ಯತ್ಯಾಸ.

ಇವತ್ತು ಪೂಜೆ ಮುಗಿದ ಮೇಲೆ ಫಾದರ್ ಹತ್ತಿರ ಕೇಳಿದೆ, ಆ ಐದು ವಾಕ್ಯ ಯಾಕೆ ಬಿಟ್ಟಿರಿ ಅಂತ. ಭಾನುವಾರದ ವಾಚನದಲ್ಲಿ ಅವು ಇಲ್ಲವಂತೆ. 1ರಿಂದ 8, ಆಮೇಲೆ 14, 15, ಕೊನೆಗೆ 21ರಿಂದ 23. ವಾರದ ದಿನದ ಪೂಜೆಯಲ್ಲಿ ಒಮ್ಮೆ ಬರುತ್ತವೆ. ವಾರದ ದಿನ ಬೆಳಿಗ್ಗೆ ಆರೂವರೆಗೆ ಚರ್ಚಿನಲ್ಲಿ ಇರುವವರು ಎಷ್ಟು ಜನ, ನಮಗೆ ಗೊತ್ತಿಲ್ಲದ್ದಾ?

ಹಾಗಾದರೆ ಅಪ್ಪ ಅಮ್ಮನನ್ನು ದ್ವೇಷಿಸದೆ ಇದ್ದರೆ ನನ್ನ ಶಿಷ್ಯನಲ್ಲ ಅಂತ ಲೂಕನಲ್ಲಿ ಇದೆಯಲ್ಲ ಫಾದರ್, ಅಂದೆ. ಅದೇ ಮಾತನ್ನು ಮತ್ತಾಯನಲ್ಲಿ ನೋಡು ಅಂದರು. ಅಲ್ಲಿರುವುದು 'ನನಗಿಂತ ಹೆಚ್ಚಾಗಿ ಪ್ರೀತಿಸುವವನು' ಅಂತ. ಆ ಕಾಲದ ಮಾತಿನ ರೀತಿ ಹಾಗೆ, ಯಾಕೋಬ ಮೊದಲ ಹೆಂಡತಿ ಲೇಯಳನ್ನು ದ್ವೇಷಿಸಿದ ಅಂದರೆ ಎರಡನೇ ಹೆಂಡತಿ ರಾಹೇಲಳಷ್ಟು ಪ್ರೀತಿಸಲಿಲ್ಲ ಅಂತ.

ಫಾದರ್‌ಗೆ ಕಥೆ ಹೇಳುವ ಹುಚ್ಚು ಜಾಸ್ತಿ. ಗೇಟಿನ ಹತ್ತಿರ ನಿಲ್ಲಿಸಿಕೊಂಡು ಇನ್ನೂ ಹೇಳಿದರು. 4ನೇ ಶತಮಾನದಲ್ಲಿ ಸಂತ ಜೆರೋಮ್ ಗೆಳೆಯನಿಗೆ ಕಾಗದ ಬರೆದ, ನಿಮ್ಮಪ್ಪ ಹೊಸ್ತಿಲಿಗೆ ಅಡ್ಡ ಮಲಗಿದರೂ ತುಳಿದುಕೊಂಡು ಸನ್ಯಾಸಕ್ಕೆ ಹೊರಟು ಬಾ ಅಂತ. ಅದೇ ಶತಮಾನದಲ್ಲಿ ಈಗಿನ ಟರ್ಕಿಯ ಗಂಗ್ರಾದಲ್ಲಿ ಬಿಷಪ್ಪರು ಸಭೆ ಸೇರಿ, ಭಕ್ತಿಯ ನೆಪ ಹೇಳಿ ತಂದೆತಾಯಿಯನ್ನು ಬಿಟ್ಟುಹೋಗುವವರಿಗೆ ಶಾಪವನ್ನೇ ಹಾಕಿದರು. ನನಗೆ ಹಿಡಿಸಿದ್ದು ದೊಡ್ಡ ಧರ್ಮಶಾಸ್ತ್ರಜ್ಞ ಸಂತ ಥಾಮಸ್ ಅಕ್ವಿನಾಸ್ ಕಥೆ. ಅವನು ಡೊಮಿನಿಕನ್ ಅನ್ನುವ ಸನ್ಯಾಸಿಗಳ ಸಭೆ ಸೇರಿದ ಅಂತ 1244ರಲ್ಲಿ ಸ್ವಂತ ಅಣ್ಣಂದಿರೇ ಹೊತ್ತುಕೊಂಡು ಹೋಗಿ ಮನೆಯವರ ಕೋಟೆಯಲ್ಲಿ ಸುಮಾರು ಒಂದು ವರ್ಷ ಕೂಡಿಹಾಕಿದ್ದರು. ಅಂಥವನೇ ಮುಂದೆ ಬರೆದ, ಮಗನ ಆಸರೆ ಇಲ್ಲದೆ ಬದುಕಲಾಗದ ತಂದೆತಾಯಿ ಇದ್ದರೆ ಮಠ ಸೇರುವ ಹಾಗಿಲ್ಲ ಅಂತ. ಮನೆಯವರ ಮೇಲಿನ ಸಿಟ್ಟಲ್ಲಿ ಬೇರೆ ಏನಾದರೂ ಬರೆದಿದ್ದರೆ ಯಾರು ತಪ್ಪು ಅನ್ನುತ್ತಿದ್ದರು?

ನನ್ನ ಹರಕೆಯ ವಿಷಯ ಆಮೇಲೆ ಹೇಳಿದೆ, ಚಮಚದ ವಿಷಯ ಕೂಡ. ಫಾದರ್ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, 'ಇದಕ್ಕೆ ನನ್ನ ಅಪ್ಪಣೆ ಕೂಡ ಬೇಡಮ್ಮ' ಅಂದರು. ಧರ್ಮಸಭೆಯ ಕಾನೂನಿನಲ್ಲಿ 1197ನೇ ನಿಯಮ ಅಂತ ಇದೆಯಂತೆ. ತಾನೇ ಹೊತ್ತ ಹರಕೆಯನ್ನು ಅದಕ್ಕೆ ಸಮನಾದ ಅಥವಾ ಅದಕ್ಕಿಂತ ಒಳ್ಳೆಯ ಕೆಲಸಕ್ಕೆ ತಾನೇ ಬದಲಾಯಿಸಿಕೊಳ್ಳಬಹುದು. ಕಡಿಮೆಯದಕ್ಕೆ ಇಳಿಸಬೇಕಾದರೆ ಮಾತ್ರ ಅಪ್ಪಣೆ ಬೇಕು. ನಾನು ಯಾವುದಕ್ಕೆ ಬದಲಾಯಿಸುತ್ತೇನೆ ಅಂತ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಸಂಜೆ ಬಸ್ಸಿನ ಹೊತ್ತು ಮೀರಿತು. ಅಪ್ಪ ಗಡಿಯಾರ ನೋಡಿದರು, ನನ್ನನ್ನು ನೋಡಿದರು.

'ಹೊರಡಲ್ವಾ?'

'ಇಲ್ಲ. ಇಲ್ಲೇ ಜಪಸರ ಮಾಡೋಣ, ಇಬ್ರೂ.'

ಖುಷಿಪಡುತ್ತಾರೆ ಅಂದುಕೊಂಡಿದ್ದೆ. ರೇಗಿಬಿಟ್ಟರು. ಮಾತೆಗೆ ಕೊಟ್ಟ ಮಾತು ಮುರೀತೀಯಾ, ನನ್ನ ಕಾಲಿಗೆ ಮತ್ತೆ ಏನಾದರೂ ಆದರೆ, ಅಂತ. ನಿಯಮ 1197 ಹೇಳಿದೆ. 'ಯಾವ ನಿಯಮ? ನಮ್ಮ ಕಾಲದಲ್ಲಿ ಇರಲಿಲ್ಲ' ಅಂದರು. ಕಾಲು ಗಂಟೆ ಗೋಡೆ ಕಡೆ ಮುಖ ಮಾಡಿ ಕೂತಿದ್ದರು. ಆಮೇಲೆ ಎಡಗೈ ಚಾಚಿದರು. ಜಪಸರ ಕೊಟ್ಟೆ. ಜಪಸರದಲ್ಲಿ ಧ್ಯಾನಿಸುವ ರಹಸ್ಯಗಳಲ್ಲಿ ಯಾವ ದಿನ ಯಾವುದು ಅಂತ ಲೆಕ್ಕ ಇದೆ. ನಾನು ಸಂತೋಷದ ರಹಸ್ಯಗಳಿಂದ ಶುರುಮಾಡಿದೆ.

'ಭಾನುವಾರ ಮಹಿಮೆಯದ್ದು' ಅಂದರು ಅಪ್ಪ. 'ದಿನಾ ಶಿವಾಜಿನಗರಕ್ಕೆ ಹೋಗಿ ಇದನ್ನೇ ಕಲಿತಿದ್ದಾ?'