ಮೊಜಾಂಬಿಕ್ ದ್ವೀಪ: ತಿಥಿ ನೋಡಿ ಹೊರಡಬೇಕಾದ ಊರು

ಪೂರ್ವ ಆಫ್ರಿಕಾದ ಒಂದು ಇಡೀ ದೇಶಕ್ಕೆ ಹೆಸರು ಕೊಟ್ಟ ಈ ಹವಳದ ದ್ವೀಪದ ಉದ್ದ ಸುಮಾರು 3 ಕಿ.ಮೀ., ಅಗಲ ಹೆಚ್ಚೆಂದರೆ ಅರ್ಧ ಕಿ.ಮೀ. ಅಲ್ಲಿನವರು ಬರೀ ‘ಇಲ್ಯಾ’ (ಪೋರ್ಚುಗೀಸಿನಲ್ಲಿ ‘ದ್ವೀಪ’) ಅನ್ನುತ್ತಾರೆ. ಒಂದು ರಾತ್ರಿ ತಂಗಿ, ಕೋಟೆ ಮತ್ತು ಅರಮನೆ ನೋಡಿ ಮರುದಿನ ಹೊರಡುವವರೇ ಹೆಚ್ಚು. ಕಟ್ಟಡಗಳಿಗೆ ಅಷ್ಟು ಸಾಕಾದೀತು. ಆದರೆ ಎದುರು ದಡದ ಕಬಸೈರಾ ಊರುಗಳು, ಕಾಂಡ್ಲಾ ಕಾಡು, ಮೊಸ್ಸುರಿಲ್ ಇವನ್ನೆಲ್ಲ ಬಿಟ್ಟರೆ ಇಲ್ಯಾ ಅರ್ಧ ಮಾತ್ರ ಅರ್ಥವಾಗುತ್ತದೆ. ಮೂರು ರಾತ್ರಿ ಇಟ್ಟುಕೊಳ್ಳಿ. ಅದರಲ್ಲಿ ಒಂದು ದಿನವನ್ನು ಕ್ಯಾಲೆಂಡರಿನ ರಜೆ ನೋಡಿ ಅಲ್ಲ, ಅಮಾವಾಸ್ಯೆ ಹುಣ್ಣಿಮೆ ನೋಡಿ ಆರಿಸಿ.

ಕಾರಣ ಉಬ್ಬರವಿಳಿತ. ಈ ಕರಾವಳಿಯಲ್ಲಿ ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ನೀರು 3ರಿಂದ 4 ಮೀಟರ್ ಏರಿಳಿಯುತ್ತದೆ. ಆ ದಿನಗಳಲ್ಲಿ ಉಬ್ಬರ ಬೆಳಗಿನ ಜಾವ 4 ಮತ್ತು ಸಂಜೆ 4ರ ಸುಮಾರಿಗೆ, ಇಳಿತ ಬೆಳಿಗ್ಗೆ 10ರ ಹೊತ್ತಿಗೆ. ಈ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ಅಷ್ಟಮಿಯ ಹೊತ್ತಿಗೆ ಲೆಕ್ಕ ತಲೆಕೆಳಗಾಗಿ ಬೆಳಿಗ್ಗೆ ಉಬ್ಬರ, ಮಧ್ಯಾಹ್ನದ ಮೇಲೆ ಇಳಿತ. ಆಗ ಏರಿಳಿತವೂ ಚಿಕ್ಕದು. ಇದರ ಜೊತೆ ಇನ್ನೊಂದು ವಿಷಯ ಸೇರಿಸಿಕೊಳ್ಳಿ: ಇಲ್ಯಾ ತನ್ನ ಕಾಲವಲಯದ ತೀರಾ ಪೂರ್ವ ಅಂಚಿನಲ್ಲಿದೆ. ಹಾಗಾಗಿ ಜೂನ್‌ನಲ್ಲಿ ಸೂರ್ಯ ಸಂಜೆ 5ಕ್ಕೇ ಮುಳುಗುತ್ತಾನೆ. ‘ಹತ್ತಕ್ಕೆ ಹೊರಟು ಆರಕ್ಕೆ ವಾಪಸ್’ ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಕಬಸೈರಾಕ್ಕೆ ಸರಿಯಾದ ದಿನ ಹೀಗಿರುತ್ತದೆ. ಹುಣ್ಣಿಮೆ ಅಥವಾ ಅಮಾವಾಸ್ಯೆ ಕಳೆದ ಮರುದಿನವೋ ಅದರ ಮರುದಿನವೋ ಬೆಳಿಗ್ಗೆ 6ಕ್ಕೆ, ನೀರು ಇನ್ನೂ ದಡದಲ್ಲಿರುವಾಗಲೇ ಹಾಯಿದೋಣಿ ಹತ್ತಬೇಕು. ಕಬಸೈರಾ ಪೆಕೇನಾದಲ್ಲಿ ಇಳಿದು ಹಳೆಯ ಮಸೀದಿ ನೋಡಿ. ವಾಸ್ಕೋ ಡ ಗಾಮನ ಹೆಸರಿನಲ್ಲಿ ತೋರಿಸುವ ಬಾವಿಯೂ ಅಲ್ಲೇ ಇದೆ. ಅವನ ಹಡಗುಗಳು 1498ರ ಮಾರ್ಚ್‌ನಲ್ಲಿ ಇಲ್ಲಿಗೆ ಬಂದವು. ದ್ವೀಪದಲ್ಲಿ ಸಿಹಿನೀರಿನ ಸೆಲೆ ಇಲ್ಲದ ಕಾರಣ ನೀರಿಗಾಗಿ ಈ ದಡಕ್ಕೇ ಬರಬೇಕಿತ್ತು, ಜಗಳ ಹತ್ತಿದ್ದೂ ನೀರಿನ ಬಳಿಯೇ. 10ರಿಂದ 12ರ ನಡುವೆ ನೀರು ಪೂರ್ತಿ ಇಳಿದಾಗ ಕಾಂಡ್ಲಾ ಗಿಡಗಳ ನಡುವಿನ ಕೆಸರು ದಾರಿಯಲ್ಲಿ ಕಬಸೈರಾ ಗ್ರಾಂಡಿಗೆ ನಡೆಯಿರಿ. 1579ರ ರೆಮೆದಿಯೋಸ್ ಮಾತೆಯ ಚರ್ಚ್ ಅಲ್ಲಿದೆ. ಪೋರ್ಚುಗೀಸ್ ಗವರ್ನರುಗಳ ಬೇಸಿಗೆ ಮನೆಯ ಅವಶೇಷವೂ ಇದೆ. ಮಧ್ಯಾಹ್ನ ನೀರು ಏರತೊಡಗುತ್ತದೆ, 3ರ ಹೊತ್ತಿಗೆ ದೋಣಿ ಹೊರಟರೆ ಬೆಳಕಿರುವಾಗಲೇ ಇಲ್ಯಾ ಸೇರಬಹುದು.

ಎಲ್ಲಿ ತಪ್ಪುತ್ತದೆ ಅಂದರೆ, ತಿಂಡಿ ಮುಗಿಸಿ 9ಕ್ಕೆ ಹೊರಡುವುದರಲ್ಲಿ. ಅಷ್ಟರಲ್ಲಿ ಆಚೆ ದಡದ ಮುಂದೆ ನೂರಾರು ಮೀಟರ್ ಮರಳು, ಕೆಸರು ಬಿದ್ದಿರುತ್ತದೆ. ದೋಣಿ ನೆಲಕ್ಕೆ ತಾಗುತ್ತದೆ, ಚೂಪು ಹವಳ ಮತ್ತು ಮುಳ್ಳುಚೆಂಡಿನಂಥ ಕಡಲ ಜೀವಿಗಳ ಮೇಲೆ ಕಾಲಿಟ್ಟು ನಡೆಯಬೇಕಾಗುತ್ತದೆ. ಹವಾಯಿ ಚಪ್ಪಲಿ ಕೆಸರಿನಲ್ಲೇ ಉಳಿಯುತ್ತದೆ. ಹಿಂಬದಿ ಪಟ್ಟಿ ಇರುವ ರಬ್ಬರ್ ಸ್ಯಾಂಡಲ್, ಫೋನು ಮತ್ತು ಪಾಸ್‌ಪೋರ್ಟ್‌ಗೆ ನೀರು ಹೊಗದ ಚೀಲ, ತಲಾ 2 ಲೀಟರ್ ಕುಡಿಯುವ ನೀರು ಒಯ್ಯಿರಿ. ದೋಣಿಯವರ ಜೊತೆ ಹಿಂದಿನ ಸಂಜೆಯೇ ಮಾತಾಡಿ: ಹೋಗಿಬರುವುದಕ್ಕೆ ಒಟ್ಟು ಎಷ್ಟು ಮೆಟಿಕಾಲ್ (ಇಲ್ಲಿನ ಹಣ), ಆಚೆ ಎಷ್ಟು ಹೊತ್ತು ಕಾಯುತ್ತಾರೆ, ಗಾಳಿ ಬಿದ್ದುಹೋದರೆ ಮೋಟರ್ ಇದೆಯೇ. ಲೈಫ್ ಜಾಕೆಟ್ ಕಣ್ಣಾರೆ ನೋಡಿ. ಪೂರ್ತಿ ಹಣ ಮೊದಲೇ ಕೊಡಬೇಡಿ, ಉಳಿದರ್ಧ ಇಲ್ಯಾ ತಲುಪಿದ ಮೇಲೆ.

ಇನ್ನು ದ್ವೀಪದ ಒಳಗೆ. ಉತ್ತರಕ್ಕೆ ಕಲ್ಲಿನ ಪಟ್ಟಣ, ದಕ್ಷಿಣಕ್ಕೆ ಮಕೂತಿ ಪಟ್ಟಣ. ಮಕೂತಿ ಅಂದರೆ ತೆಂಗಿನ ಮಡಲಿನ ಹೊದಿಕೆ. ಉತ್ತರದ ಮನೆಗಳಿಗೆ ಹವಳಗಲ್ಲು ಅಗೆದದ್ದು ದಕ್ಷಿಣದ ನೆಲದಿಂದ. ಅಗೆದ ಹಳ್ಳದಲ್ಲೇ ಆ ಕಲ್ಲು ಹೊತ್ತವರ ಮನೆಗಳು ಎದ್ದವು. ಇವತ್ತಿಗೂ ಅಲ್ಲಿ ರಸ್ತೆ ಮೇಲೆ, ಮನೆಗಳು ಕೆಳಗೆ. ಜೋರು ಮಳೆ ಬಂದರೆ ನೀರು ನೇರ ಅಂಗಳಕ್ಕೆ. ಈ ಊರಿನ ಇತಿಹಾಸವನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳುವ ಫಲಕ ಯಾವ ಮ್ಯೂಸಿಯಮ್ಮಿನಲ್ಲೂ ಇಲ್ಲ. ಜನರಲ್ಲಿ ಬಹುಪಾಲು ಇರುವುದೂ ಇಲ್ಲೇ. ರಸ್ತೆಯಿಂದ ನೋಡಿದರೆ ಮನೆಯ ಒಳಗೇ ಕಾಣುವುದರಿಂದ ಕ್ಯಾಮೆರಾ ಎತ್ತುವ ಮುನ್ನ ಕೇಳಲೇಬೇಕು. ‘ಸಲಾಮ’ ಅಂದರೆ ಮಾತು ಶುರುವಾಗುತ್ತದೆ. ಮುಸ್ಲಿಮರೇ ಹೆಚ್ಚಿರುವ ಊರು, ಭುಜ ಮತ್ತು ಮೊಣಕಾಲು ಮುಚ್ಚುವ ಬಟ್ಟೆ ಇರಲಿ. ಮುಖಕ್ಕೆ ಬಿಳಿ ಲೇಪ ಹಚ್ಚಿದ ಹೆಂಗಸರು ಕಂಡರೆ ಅದು ಮುಸೀರೊ: ಒಂದು ಮರದ ತುಂಡನ್ನು ಕಲ್ಲಿನ ಮೇಲೆ ನೀರು ಹಾಕಿ ತೇಯ್ದ ಗಂಧ, ಇಲ್ಲಿನ ಮಕುವಾ ಜನಾಂಗದ ಹೆಂಗಸರ ಸೌಂದರ್ಯ ಸಾಧನ.

ಕಲ್ಲಿನ ಪಟ್ಟಣದಲ್ಲಿ ಬಾಗಿಲಿಗಿಂತ ಮೊದಲು ಚಾವಣಿ ನೋಡಿ. ಎಲ್ಲವೂ ಸಪಾಟಾದ ತಾರಸಿ, ಸುಣ್ಣದ ಗಾರೆ ಬಳಿದದ್ದು. ಮಳೆನೀರು ಅದರ ಮೇಲಿಂದ ಮನೆಯಡಿಯ ತೊಟ್ಟಿಗೆ ಇಳಿಯಬೇಕು. ಗಾರೆಯನ್ನು ಆಗಾಗ ಬಳಿಯದಿದ್ದರೆ ನೀರು ಮರದ ತೊಲೆಗಳಿಗೆ ಇಳಿಯುತ್ತದೆ, ತೊಲೆ ಕೊಳೆತು ಚಾವಣಿ ಕುಸಿಯುತ್ತದೆ. ನಾಲ್ಕು ಗೋಡೆ ನಿಂತು ಒಳಗೆ ಆಲದಂಥ ಮರ ಬೆಳೆದ ಮನೆಗಳ ಕಥೆ ಇದೇ. ಪಾಳುಮನೆಗಳ ಒಳಗೆ ಹೋಗಬೇಡಿ. ರಾಜಧಾನಿ 1898ರಲ್ಲಿ ದಕ್ಷಿಣದ ಈಗಿನ ಮಾಪುಟೊಗೆ ಹೋದಮೇಲೆ ಈ ಆರೈಕೆಗೆ ಹಣ ಬರುವುದು ನಿಂತಿತು. 1991ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದರೂ ದುರಸ್ತಿ ನಿಧಾನ. 2022ರ ಮಾರ್ಚ್‌ನಲ್ಲಿ ‘ಗೊಂಬೆ’ ಚಂಡಮಾರುತ, 2025ರ ಮಾರ್ಚ್‌ನಲ್ಲಿ ‘ಜೂಡ್’ ಚಂಡಮಾರುತ, ಎರಡೂ ಈ ಮೊಸ್ಸುರಿಲ್ ತೀರದಲ್ಲೇ ಅಪ್ಪಳಿಸಿದವು. ಹಾಗಾಗಿ ಪ್ರವಾಸಕ್ಕೆ ಮೇ ತಿಂಗಳಿಂದ ಅಕ್ಟೋಬರ್ ಒಳ್ಳೆಯದು. ಜನವರಿಯಿಂದ ಮಾರ್ಚ್ ಬೇಡ.

ಸಾವೊ ಸೆಬಾಸ್ಟಿಯಾವೊ ಕೋಟೆ ದ್ವೀಪದ ಉತ್ತರ ತುದಿಯಲ್ಲಿದೆ. ಪೋರ್ಚುಗೀಸರು ಕಟ್ಟಲು ಶುರುಮಾಡಿದ್ದು 1558ರಲ್ಲಿ. ಡಚ್ಚರು 1607 ಮತ್ತು 1608ರಲ್ಲಿ ಮುತ್ತಿಗೆ ಹಾಕಿಯೂ ಒಳಗೆ ನುಗ್ಗಲಾಗಲಿಲ್ಲ. ಒಳಗಿನ ದೊಡ್ಡ ಮಳೆನೀರಿನ ತೊಟ್ಟಿಯನ್ನು ತಪ್ಪದೆ ನೋಡಿ. ಕೋಟೆಯ ಹಿಂದೆ ಸಮುದ್ರಕ್ಕೆ ಚಾಚಿದ ಬಂಡೆಯ ಮೇಲೆ 1522ರ ಬಲುವಾರ್ತೆ ಚಾಪೆಲ್ ಇದೆ. ದಕ್ಷಿಣ ಗೋಲಾರ್ಧದಲ್ಲಿ ಉಳಿದಿರುವ ಅತಿ ಹಳೆಯ ಯುರೋಪಿಯನ್ ಕಟ್ಟಡ ಇದೇ ಎನ್ನುತ್ತಾರೆ. ಪುಟ್ಟದು, ತಂಪು. ಮೇಲೆ ತಲೆಯೆತ್ತಿ ಕಮಾನುಗಳ ಹೆಣಿಗೆಯನ್ನು ನೋಡಬೇಕು. ಕೆಂಪು ಬಣ್ಣದ ಸಾವೊ ಪಾಲೊ ಅರಮನೆ ಮೊದಲು ಜೆಸ್ಯೂಟರ ಕಾಲೇಜು, ಆಮೇಲೆ ಗವರ್ನರ್ ನಿವಾಸ, ಈಗ ಮ್ಯೂಸಿಯಂ. 1752ರವರೆಗೆ ಈ ತೀರದ ಪೋರ್ಚುಗೀಸ್ ಆಡಳಿತ ಗೋವಾದಿಂದಲೇ ನಡೆಯುತ್ತಿತ್ತು. ದಿಯುವಿನ ಬನಿಯಾ ವರ್ತಕರು ಇಲ್ಲಿ ಬಟ್ಟೆ ಮಾರಿ ದಂತ ಕೊಳ್ಳುತ್ತಿದ್ದರು. ಊರಿನ ಹಿಂದೂ ದೇವಾಲಯ, ಬೀದಿಯಲ್ಲಿ ಸಿಗುವ ‘ಬಾಜಿಯಾ’ ಆ ನಂಟಿನ ಉಳಿಕೆ.

ಆ ವ್ಯಾಪಾರದಲ್ಲಿ ಮನುಷ್ಯರೂ ಇದ್ದರು. 1794ರ ಡಿಸೆಂಬರ್‌ನಲ್ಲಿ ಇಲ್ಲಿಂದ 400ಕ್ಕೂ ಹೆಚ್ಚು ಗುಲಾಮರನ್ನು ತುಂಬಿಕೊಂಡು ಬ್ರೆಜಿಲ್‌ಗೆ ಹೊರಟ ಸಾವೊ ಜೋಸೆ ಹಡಗು ಕೇಪ್‌ಟೌನ್ ಬಳಿ ಒಡೆಯಿತು, ಸುಮಾರು ಅರ್ಧದಷ್ಟು ಜನ ಸತ್ತರು. 2015ರಲ್ಲಿ ಈ ನೆಲದ ಮಣ್ಣನ್ನು ಅಲ್ಲಿಗೆ ಒಯ್ದು ಹಡಗು ಮುಳುಗಿದ ಜಾಗದಲ್ಲಿ ಸುರಿದರು. ಇಲ್ಯಾದ ‘ನೆನಪಿನ ತೋಟ’ಕ್ಕೆ ಹೋಗುವಾಗ ಇದು ಮನಸ್ಸಿನಲ್ಲಿರಲಿ. ದಡದಲ್ಲಿ ಮಕ್ಕಳು ಮರಳಿನಿಂದ ಹೆಕ್ಕಿದ ಹಳೆಯ ಗಾಜಿನ ಮಣಿ, ನಾಣ್ಯ ಮಾರಲು ಬರುತ್ತಾರೆ. ಕೊಳ್ಳಬೇಡಿ, ಅದು ಪುರಾತತ್ವದ ಸೊತ್ತು, ದೇಶದಿಂದ ಹೊರಗೆ ಒಯ್ಯುವಂತಿಲ್ಲ.

ಊಟಕ್ಕೆ ಸಿರಿಸಿರಿ ಮತಾಪಾ ಕೇಳಿ: ಉಪ್ಪುನೀರಿನ ಅಂಚಿನಲ್ಲಿ ಬೆಳೆಯುವ ದಪ್ಪ ಎಲೆಯ ಸೊಪ್ಪನ್ನು ತೆಂಗಿನಹಾಲಿನಲ್ಲಿ ಬೇಯಿಸಿದ್ದು. ಹೋಟೆಲಿನಲ್ಲಾದರೆ ಬೆಳಿಗ್ಗೆಯೇ ಹೇಳಿಡಿ, ಆಮೇಲೇ ಸೊಪ್ಪು ತರುತ್ತಾರೆ. ನಲ್ಲಿ ನೀರು ಕುಡಿಯಬೇಡಿ. ಮಲೇರಿಯಾ ವರ್ಷವಿಡೀ ಇದೆ. ಹೊರಡುವ ಮೊದಲೇ ವೈದ್ಯರನ್ನು ಕಂಡು ತಡೆ ಮಾತ್ರೆ ಶುರುಮಾಡಿ, ವಾಪಸಾದ ಮೇಲೂ ಹೇಳಿದಷ್ಟು ದಿನ ನುಂಗಿ. ಕರೆಂಟು ಹೋದರೆ ಎಟಿಎಂ ನಿಲ್ಲುವುದರಿಂದ ಮೂರು ದಿನದ ಖರ್ಚನ್ನು ದಾರಿಯ ದೊಡ್ಡ ನಗರವಾದ ನಾಂಪುಲಾದಲ್ಲೇ ತೆಗೆದು, ಚಿಲ್ಲರೆ ನೋಟು ಮಾಡಿಸಿಕೊಳ್ಳಿ.

ಉತ್ತರದ ಇಬೊ ದ್ವೀಪ ಮತ್ತು ಪೆಂಬಾ ನಗರವನ್ನು ಇದೇ ಪ್ರವಾಸಕ್ಕೆ ಸೇರಿಸುವ ಆಸೆ ಸಹಜ. ಆದರೆ ಅವು ಇರುವ ಕಾಬೊ ದೆಲ್ಗಾದೊ ಪ್ರಾಂತ್ಯದಲ್ಲಿ 2017ರಿಂದ ಸಶಸ್ತ್ರ ದಾಳಿಗಳು ನಡೆಯುತ್ತಿವೆ, ನಾಂಪುಲಾ ಪ್ರಾಂತ್ಯದ ಉತ್ತರದ ಮೆಂಬಾ ಕಡೆಗೂ ಅವು ಹಬ್ಬಿದ್ದುಂಟು. ಟಿಕೆಟ್ ತೆಗೆಯುವ ವಾರ ಸರ್ಕಾರಿ ಎಚ್ಚರಿಕೆ ಓದಿ ನಿರ್ಧರಿಸಿ. ಬದಲಿಗೆ ಈಜಲು ಎದುರು ದಡದ ಚೋಕಸ್ ಮಾರ್ ಕಡಲತೀರ ಸಾಕಷ್ಟು ಚೆಂದ. ನಕಾಲಾ ಮುಖ್ಯವಾಗಿ ಬಂದರು, ಡೈವಿಂಗ್ ಮಾಡುವವರಿಗೆ ಮಾತ್ರ ಹೇಳುತ್ತೇನೆ.

ನಾಂಪುಲಾದಿಂದ ಇಲ್ಯಾಗೆ ಸುಮಾರು 180 ಕಿ.ಮೀ. ಮೊನಾಪೊದಲ್ಲಿ ರಸ್ತೆ ಎರಡಾಗುತ್ತದೆ, ಒಂದು ನಕಾಲಾಗೆ, ಇನ್ನೊಂದು ಇಲ್ಯಾಗೆ. ಹತ್ತುವ ಮುನ್ನ ‘ಇಲ್ಯಾ’ ಅಂತ ಎರಡು ಸಲ ಕೇಳಿ. ಚಾಪಾ ಅನ್ನುವ ಮಿನಿಬಸ್ಸು ತುಂಬಿದ ಮೇಲೇ ಹೊರಡುತ್ತದೆ, ಅರ್ಧ ದಿನ ಬಿಡುವಿಟ್ಟುಕೊಳ್ಳಿ. ಕೊನೆಯ ಸೇತುವೆ 3 ಕಿ.ಮೀ.ಗೂ ಉದ್ದ, ಒಂದೇ ಸಾಲು, ಅಲ್ಲಲ್ಲಿ ಎದುರು ಗಾಡಿಗೆ ಜಾಗ. ದೊಡ್ಡ ವಾಹನಗಳನ್ನು ಬಿಡುವುದಿಲ್ಲ, ಸೇತುವೆಗೆ ಮುಂಚಿನ ಲುಂಬೊ ಊರಲ್ಲಿ ಇಳಿದು ಚಿಕ್ಕ ಗಾಡಿ ಹತ್ತಬೇಕು. ಹೊತ್ತಿದ್ದರೆ ಅಲ್ಲಿನ ಪಾಳು ರೈಲು ನಿಲ್ದಾಣ ಮತ್ತು ಮೊದಲ ಮಹಾಯುದ್ಧದ ಸೈನಿಕರ ಸ್ಮಶಾನ ನೋಡಿ. ವಾಪಸ್ ಹೋಗುವ ಚಾಪಾಗಳು ಬೆಳಕು ಹರಿಯುವ ಮೊದಲೇ ಹೊರಟುಬಿಡುತ್ತವೆ. ಹಿಂದಿನ ರಾತ್ರಿಯೇ ತಂಗಿದ ಮನೆಯವರಿಗೆ ಹೇಳಿದರೆ ಡ್ರೈವರ್ ಬಾಗಿಲಿಗೇ ಬಂದು ಹಾರ್ನ್ ಮಾಡುತ್ತಾನೆ.