ಊರಿಗೆ ರೇಡಾರ್ ಡಿಟೆಕ್ಟರ್ ಯಾಕೆ ತರುವುದಿಲ್ಲ

ಊರಿನ ಫೋನ್ ಬಂದರೆ ಈಗೀಗ ಒಂದೇ ಬೇಡಿಕೆ. ನಮ್ಮ ಕಾಸರಗೋಡಿನಲ್ಲಿ ತಲಪಾಡಿಯಿಂದ ಚೆಂಗಳದವರೆಗೆ ಹೆದ್ದಾರಿ ಆರು ಪಥ ಆಗಿದೆ, ವೇಗ ಅಳೆಯುವ ಪೊಲೀಸರು ಎಲ್ಲಿ ನಿಂತಿದ್ದಾರೆ ಅಂತ ಮೊದಲೇ ಹೇಳುವ ಅಮೆರಿಕದ ಯಂತ್ರ, ಅದೇ ರೇಡಾರ್ ಡಿಟೆಕ್ಟರ್, ಒಂದು ತಂದುಕೊಡಿ. ಬದಿಯಡ್ಕದ ಭಾವ ಕೇಳಿದರು, ಕುಂಬಳೆಯ ಗೆಳೆಯ ಕೇಳಿದ. ಒಬ್ಬೊಬ್ಬರಿಗೆ ಹೇಳಿ ಮುಗಿಯುವ ವಿಷಯ ಅಲ್ಲ, ಹಾಗಾಗಿ ಎಲ್ಲರಿಗೂ ಸೇರಿಸಿ ಬರೆಯುತ್ತಿದ್ದೇನೆ.

ನಾನಿರುವ ಒಹಾಯೊದಲ್ಲಿ ಸ್ವಂತ ಕಾರಿನಲ್ಲಿ ಈ ಯಂತ್ರ ಇಟ್ಟುಕೊಳ್ಳಬಹುದು. ವರ್ಜೀನಿಯಾದಲ್ಲಿ, ವಾಷಿಂಗ್ಟನ್ ಡಿಸಿಯಲ್ಲಿ ನಿಷೇಧ. ದೊಡ್ಡ ಲಾರಿಗಳಲ್ಲಂತೂ ಇಡೀ ದೇಶದಲ್ಲೇ ಇಡುವ ಹಾಗಿಲ್ಲ. ಸಹೋದ್ಯೋಗಿಯೊಬ್ಬರ ಕಾರಿನಲ್ಲಿ ಕ್ಲೀವ್‌ಲ್ಯಾಂಡ್‌ನಿಂದ ಕೊಲಂಬಸ್‌ಗೆ ಹೋಗುವಾಗ ನಾನು ಇದರ ಕೆಲಸವನ್ನು ಹತ್ತಿರದಿಂದ ನೋಡಿದ್ದೇನೆ. ಅಂಗೈಯಗಲದ ಪೆಟ್ಟಿಗೆ, ಮುಂದಿನ ಗಾಜಿಗೆ ಒಳಗಿನಿಂದ ಅಂಟಿಸಿದ್ದು. ತುಂಬಾ ಹೊತ್ತು ಸುಮ್ನೆ ಇತ್ತು. ಇದ್ದಕ್ಕಿದ್ದ ಹಾಗೆ ಪೀಂ ಎಂದಿತು, ಪರದೆಯಲ್ಲಿ 'ಕೆಎ 34.7' ಎಂದು ಬಂತು. ಕೆಎ ಅಂದರೆ ಪೊಲೀಸ್ ರೇಡಾರ್ ಬಳಸುವ ಒಂದು ರೇಡಿಯೋ ಅಲೆಪಟ್ಟಿಯ ಹೆಸರು, 34.7 ಅದರ ಆವರ್ತನ, ಗಿಗಾಹರ್ಟ್ಸ್‌ನಲ್ಲಿ. ಆಮೇಲೆ ಪೀಂ ಪೀಂ ಸದ್ದು ಬೇಗ ಬೇಗ ಬರತೊಡಗಿತು. ಒಂದು ಏರು ಹತ್ತಿ ಇಳಿದ ಮೇಲೆ ನೋಡಿದರೆ, ಎರಡು ರಸ್ತೆಗಳ ನಡುವಿನ ಹುಲ್ಲಿನ ಮೇಲೆ ಪೊಲೀಸ್ ಕಾರು ನಿಂತಿದೆ. ನಮ್ಮ ಕಣ್ಣಿಗೆ ಕಾಣುವ ಎಷ್ಟೋ ಮೊದಲೇ ಯಂತ್ರಕ್ಕೆ ಗೊತ್ತಾಗಿತ್ತು.

ಇದು ಹೇಗೆ ಸಾಧ್ಯ? ಪೊಲೀಸರು ವೇಗ ಅಳೆಯುವ ರೇಡಾರ್ ಗನ್ ರೇಡಿಯೋ ಅಲೆ ಬಿಡುತ್ತದೆ. ಅದು ಕಾರಿಗೆ ಬಡಿದು ವಾಪಸ್ ಹೋಗುವಾಗ ಅದರ ಆವರ್ತನ, ಅಂದರೆ ಸೆಕೆಂಡಿಗೆ ಎಷ್ಟು ಕಂಪನ ಎಂಬುದು, ಸ್ವಲ್ಪ ಬದಲಾಗಿರುತ್ತದೆ. 34.7 ಗಿಗಾಹರ್ಟ್ಸ್ ಅಲೆಯ ಎದುರಿಗೆ 100 ಕಿಲೋಮೀಟರ್ ವೇಗದಲ್ಲಿ ಕಾರು ಬಂದರೆ ವ್ಯತ್ಯಾಸ ಸುಮಾರು 6,400 ಹರ್ಟ್ಸ್. ಅದರಿಂದ ವೇಗ ಲೆಕ್ಕ ಹಾಕುತ್ತಾರೆ. ಪೊಲೀಸರ ಗನ್‌ಗೆ ಅಲೆ ಹೋಗಿ ತಿರುಗಿ ಬರಬೇಕು, ಡಿಟೆಕ್ಟರ್‌ಗೆ ಬಂದು ಮುಟ್ಟಿದರೆ ಸಾಕು. ರಾತ್ರಿ ಅಡಿಕೆ ತೋಟದಲ್ಲಿ ಟಾರ್ಚ್ ಹಿಡಿದು ಬರುವವರು ನಮಗೆ ದೂರದಿಂದಲೇ ಕಾಣುತ್ತಾರೆ, ಅವರಿಗೆ ನಾವು ಕಾಣುವುದು ಹತ್ತಿರ ಬಂದ ಮೇಲೆ, ಅಲ್ವಾ? ಅಷ್ಟೇ ವಿಷಯ. ಅಲೆ ಅಗಲವಾಗಿ ಹರಡುತ್ತದೆ, ಮುಂದಿನ ಗಾಡಿಗಳಿಗೆ ಬಡಿದು ಚೆದುರುತ್ತದೆ. ಹಾಗಾಗಿ ತಿರುವಿನ ಆಚೆಗಿನ ರೇಡಾರ್ ಕೂಡ ಎಷ್ಟೋ ಸಲ ಗೊತ್ತಾಗಿಬಿಡುತ್ತದೆ.

ಆದರೆ ಇದೆಲ್ಲ ಗನ್ ಸದಾ ಆನ್ ಇದ್ದರೆ ಮಾತ್ರ. ಅನುಭವ ಇರುವ ಪೊಲೀಸರು ಗನ್ ಅನ್ನು ಅಲೆ ಬಿಡದ ಹಾಗೆ ತಡೆಹಿಡಿದು ಇಟ್ಟುಕೊಂಡು, ಬೇಕಾದ ಕಾರು ಹತ್ತಿರ ಬಂದಾಗ ಮಾತ್ರ ಗುಂಡಿ ಒತ್ತುತ್ತಾರೆ. ಆಗ ಪೀಂ ಎನ್ನುವುದೂ ವೇಗ ಸಿಕ್ಕುವುದೂ ಹೆಚ್ಚುಕಡಿಮೆ ಒಟ್ಟಿಗೆ. ನಮಗಿಂತ ಮುಂದೆ ಹೋಗುವ ಕಾರಿಗೆ ಗುರಿ ಹಿಡಿದಿದ್ದರೆ ನಮಗೆ ಸೂಚನೆ ಸಿಗಬಹುದು. ದಾರಿ ಖಾಲಿ ಇದ್ದರೆ ಅದೂ ಇಲ್ಲ.

ರೇಡಿಯೋ ಅಲೆಯ ಬದಲು ಬೆಳಕಿನ ಕಿರಣದಿಂದ ವೇಗ ಅಳೆಯುವ ಲೇಸರ್ ಗನ್ ಎದುರು ಇದರ ಕೆಲಸ ಇನ್ನೂ ಕಡಿಮೆ. ಲೇಸರ್ ಕಿರಣ 300 ಮೀಟರ್ ದೂರದಲ್ಲೂ ಒಂದು ಮೀಟರಿನಷ್ಟೇ ಅಗಲ. ನಂಬರ್ ಪ್ಲೇಟಿಗೆ ಗುರಿ ಹಿಡಿದರೆ ಗಾಜಿನ ಮೇಲಿರುವ ಪೆಟ್ಟಿಗೆಗೆ ಅದು ತಾಗದೆಯೂ ಇರಬಹುದು. ತಾಗಿ ಸದ್ದು ಮಾಡುವ ಹೊತ್ತಿಗೆ ಸಾಮಾನ್ಯವಾಗಿ ವೇಗ ಅಳೆದು ಆಗಿರುತ್ತದೆ. ಇನ್ನು ಸುಳ್ಳು ಸದ್ದಿನ ಕಾಟ. ಸೂಪರ್ ಮಾರ್ಕೆಟಿನ ತಾನಾಗಿ ತೆರೆಯುವ ಬಾಗಿಲು, ಕನ್ನಡಿಯಲ್ಲಿ ಕಾಣದ ಗಾಡಿಯನ್ನು ತಿಳಿಸಲು ಪಕ್ಕದ ಕಾರಿನಲ್ಲಿರುವ ಬ್ಲೈಂಡ್ ಸ್ಪಾಟ್ ರೇಡಾರ್, ಎಲ್ಲದಕ್ಕೂ ಪೀಂ.

ಈಗ ನಮ್ಮೂರಿಗೆ ಬನ್ನಿ. ಕೇರಳದಲ್ಲಿ ರಸ್ತೆ ಬದಿ ನಿಂತು ವೇಗ ಹಿಡಿಯುವ ಇಂಟರ್‌ಸೆಪ್ಟರ್ ಗಾಡಿಗಳಲ್ಲಿ ಇರುವುದು ಲೇಸರ್ ಕ್ಯಾಮೆರಾ. 2023ರ ಜೂನ್ 5ರಿಂದ ದಂಡ ಹಾಕಲು ಶುರು ಮಾಡಿದ 726 ಕ್ಯಾಮೆರಾಗಳಲ್ಲಿ 675 ಹೆಲ್ಮೆಟ್, ಸೀಟ್ ಬೆಲ್ಟ್, ಮೊಬೈಲ್ ನೋಡಲು ಇಟ್ಟ ಎಐ ಕ್ಯಾಮೆರಾಗಳು. ಅವು ಫೋಟೋ ತೆಗೆಯುತ್ತವೆ, ಅಷ್ಟೆ. ಫೋಟೋ ತೆಗೆಯುವುದು ಡಿಟೆಕ್ಟರ್‌ಗೆ ಹೇಗೆ ಗೊತ್ತಾಗಬೇಕು? ನೂರಾರು ಡಾಲರ್ ಕೊಟ್ಟು ತಂದದ್ದು ಡ್ಯಾಶ್‌ಬೋರ್ಡಿನಲ್ಲಿ ಸುಮ್ನೆ ಕೂರುತ್ತದೆ.

ದುಡ್ಡು ಹಾಳು ಎಂಬುದಕ್ಕಿಂತ ನನಗೆ ಜಾಸ್ತಿ ಚಿಂತೆ ಬೇರೆ. ಇಲ್ಲಿಯ ಅಂತರರಾಜ್ಯ ಹೆದ್ದಾರಿಯಲ್ಲಿ ನಡೆದು ಹೋಗುವವರಿಲ್ಲ, ಬದಿಯಲ್ಲೇ ಮನೆ ಅಂಗಡಿಗಳಿಲ್ಲ. ನಮ್ಮಲ್ಲಿ ಮಂಜೇಶ್ವರ, ಉಪ್ಪಳ, ಕುಂಬಳೆ ಎಲ್ಲ ಹೆದ್ದಾರಿಗೆ ತಾಗಿಯೇ ಇರುವ ಪೇಟೆಗಳು. ಬಸ್ಸಿಗೆ ಕಾಯುವ ಶಾಲೆ ಮಕ್ಕಳು, ಮೀನು ತೆಗೆದುಕೊಂಡು ಹೊರಟ ಅಮ್ಮಂದಿರು, ಅಡ್ಡ ಬರುವ ಆಟೋ. ಇವರು ಬರುತ್ತಿದ್ದಾರೆ ಅಂತ ಹೇಳುವ ಡಿಟೆಕ್ಟರ್ ಯಾರೂ ಮಾರುವುದಿಲ್ಲ. ಪೀಂ ಸದ್ದಿಗೆ ಕಿವಿ ಕೊಟ್ಟು ಅಭ್ಯಾಸ ಆದವರು, ಸದ್ದಿಲ್ಲ ಅಂದರೆ ದಾರಿ ಖಾಲಿ ಅಂದುಕೊಳ್ಳುತ್ತಾರೆ. ನನಗೆ ಹೆದರಿಕೆ ಅದರದ್ದೇ.

ಹಾಗೆ ನೋಡಿದರೆ ವೇಗದ ಮಿತಿ ಏನೂ ಕಡಿಮೆ ಇಲ್ಲ. 2023ರ ಜುಲೈಯಿಂದ ಕೇರಳದಲ್ಲಿ ಆರು ಪಥದ ರಾಷ್ಟ್ರೀಯ ಹೆದ್ದಾರಿಯಲ್ಲಿ ಕಾರಿಗೆ 110 ಕಿಲೋಮೀಟರ್. ಒಹಾಯೊದಲ್ಲಿ ಊರ ಹೊರಗಿನ ಹೆದ್ದಾರಿಗೆ 70 ಮೈಲಿ, ಅಂದರೆ ಸುಮಾರು 113. ಎರಡಕ್ಕೂ ಇರುವ ವ್ಯತ್ಯಾಸ ಅಷ್ಟೇ. ಎಲ್ಲಿಯಾದರೂ ಇದಕ್ಕಿಂತ ಕಡಿಮೆ ವೇಗದ ಬೋರ್ಡ್ ಹಾಕಿದ್ದರೆ ಆ ಬೋರ್ಡೇ ಲೆಕ್ಕ. ಬೈಕಿಗೆ ಮಾತ್ರ ಅದೇ ಸಲ 70 ಇದ್ದದ್ದನ್ನು 60ಕ್ಕೆ ಇಳಿಸಿದ್ದಾರೆ, ಅಪಘಾತಗಳಲ್ಲಿ ಹೆಚ್ಚಿನವು ಬೈಕಿನವೇ ಎಂಬ ಕಾರಣಕ್ಕೆ. ಮನೆಯಲ್ಲಿ ಬೈಕ್ ಓಡಿಸುವ ಮಕ್ಕಳಿದ್ದರೆ ಇದೊಂದನ್ನು ದಯವಿಟ್ಟು ಹೇಳಿ.