ಕಿಟಕಿ ಹೋಗಿ ಕೌಂಟರು ಬಂತು

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ನಮ್ಮ ಶಾಲೆಯ ಆಫೀಸು ಈಗ ಒಳಗೆ ಹೋದರೆ ಗುರುತೇ ಸಿಗುವುದಿಲ್ಲ. ಗೋಡೆ ಅದೇ ಮುರಕಲ್ಲಿನದು, ಮಾಡು ಅದೇ ಮಂಗಳೂರು ಹಂಚಿನದು. ಒಳಗೆ ಮಾತ್ರ ಬ್ಯಾಂಕಿನ ಹಾಗೆ ಕೌಂಟರು, ಗಾಜಿನ ಪಾರ್ಟಿಷನ್, ಎಲ್‌ಇಡಿ ಬೆಳಕು. ನನ್ನ ಜೊತೆ ಓದಿದ ಕೆಲವರಿಗೆ ಇದು ಹಿಡಿಸಿಲ್ಲ. ನನಗೆ ಹಿಡಿಸಿತು, ಪೂರ್ತಿ ಅಲ್ಲದಿದ್ದರೂ.

ನಮ್ಮ ಕಾಲದಲ್ಲಿ ಆಫೀಸು ಅಂದರೆ ಜಗಲಿಗೆ ತೆರೆದ ಒಂದು ಸಣ್ಣ ಕಿಟಕಿ. ಟಿ.ಸಿ.ಗೋ ಸ್ಕಾಲರ್‌ಶಿಪ್ಪಿಗೋ ಬಂದ ಅಪ್ಪ ಅಮ್ಮಂದಿರು ಸರಳಿನ ಹತ್ತಿರ ತಲೆ ಬಗ್ಗಿಸಿ ಮಾತಾಡಬೇಕು. ಜೋರು ಮಳೆಯ ಆಟಿ ತಿಂಗಳಲ್ಲಿ ಇರಿಚಲು ಬೆನ್ನಿಗೇ ಹೊಡೆಯುತ್ತಿತ್ತು. ಒಂದು ಕೈಯಲ್ಲಿ ಕೊಡೆ, ಒಂದು ಕೈಯಲ್ಲಿ ಅರ್ಜಿ. ಒಳಗಿನವರು ಫೈಲಿನಿಂದ ತಲೆ ಎತ್ತುವವರೆಗೆ ಕಾಯಬೇಕು.

ಈಗ ಕೌಂಟರು ತಗ್ಗಾಗಿದೆ, ಈಚೆ ಕಡೆಯೂ ಕುರ್ಚಿ ಇದೆ. ಇಬ್ಬರೂ ಕೂತೇ ಮಾತಾಡುತ್ತಾರೆ. ಇಡೀ ಕೆಲಸದಲ್ಲಿ ನನಗೆ ಜಾಸ್ತಿ ಇಷ್ಟವಾದದ್ದು ಇದೇ, ಖರ್ಚು ಬಿದ್ದದ್ದೂ ಇದಕ್ಕೇ ಕಡಿಮೆ. ರ‍್ಯಾಂಪ್ ಕೂಡ ಬಂದಿದೆ. ಒಂದಡಿ ಏರಲು 12 ಅಡಿ ಉದ್ದ ಬೇಕು ಅನ್ನುವುದು ಲೆಕ್ಕ. ನಮ್ಮ ಜಗಲಿ ಎರಡಡಿ ಎತ್ತರ. ಆ 24 ಅಡಿಗಾಗಿ ಎದುರಿನ ದಾಸವಾಳದ ಸಾಲು ಹೋಯಿತು. ಹೋಗಲಿ ಬಿಡಿ.

ನನಗೆ ಸರಿಬಾರದ್ದು ಜಿಪ್ಸಂ ಸೀಲಿಂಗ್. ಹಂಚಿನ ಸಂದಿಯಲ್ಲಿ ಸೆಕೆ ಹೊರಗೆ ಹೋಗುತ್ತಿತ್ತು. ಹಂಚು ಒಡೆದರೆ ಕೆಳಗೆ ಕೂತವರಿಗೇ ಕಾಣುತ್ತಿತ್ತು, ಬೇರೆ ಹಂಚು ಹಾಕಿದರೆ ಮುಗಿಯಿತು. ಈಗ ನೀರು ಇಳಿದದ್ದು ಗೊತ್ತಾಗುವುದು ಬೋರ್ಡು ಹಳದಿಯಾಗಿ ಉಬ್ಬಿದ ಮೇಲೆ. ಮೊದಲ ಮಳೆಗಾಲಕ್ಕೇ ಒಂದು ಮೂಲೆ ಹಾಗಾಯಿತು. ಎರಡು ಗಾಜಿನ ಹಂಚಿನಿಂದ ಹಗಲಿಡೀ ಬೆಳಕು ಬೀಳುತ್ತಿತ್ತು, ಅದೂ ಮುಚ್ಚಿಹೋಯಿತು. ಗಾಳಿಮಳೆಗೆ ಕರೆಂಟು ಹೋದರೆ ಮಟಮಟ ಮಧ್ಯಾಹ್ನವೂ ಟಾರ್ಚು! ಎಲ್ಲಿಯದೋ ಫೋಟೋ ನೋಡಿ ಮಾಡಿಸುವಾಗ ನಮ್ಮೂರ ಮಳೆಯನ್ನೂ ಒಮ್ಮೆ ನೆನೆಯಬೇಕಿತ್ತು ಅಲ್ವಾ?

ಕೆಲಸ ಶುರುವಾದಾಗ ಅಟ್ಟದಿಂದ ಹಳೆ ದಾಖಲಾತಿ ರಿಜಿಸ್ಟರುಗಳು ಇಳಿದವು. ಧೂಳು ಝಾಡಿಸಲು ಹೋದ ನಾವು ಓದುತ್ತಾ ಕೂತುಬಿಟ್ಟೆವು. 1956ರ ನವೆಂಬರ್ 1ಕ್ಕಿಂತ ಹಿಂದಿನವು ಮದ್ರಾಸಿನ ಕಾಲದವು, ಜಿಲ್ಲೆ ದಕ್ಷಿಣ ಕನ್ನಡ. ಊರು ಕೇರಳಕ್ಕೆ ಸೇರಿದ ಮೇಲೆ, 1957ರಿಂದ ಕಣ್ಣೂರು. 1984ರಿಂದ ಕಾಸರಗೋಡು. ಶಾಲೆ ಮಾತ್ರ ಇದ್ದಲ್ಲೇ ಇದೆ. ಕನ್ನಡದ ದುಂಡು ಅಕ್ಷರದಲ್ಲಿ ಮಗುವಿನ ಹೆಸರು, ಮನೆ ಹೆಸರು, ತಂದೆಯ ಕಸುಬು: ಬೇಸಾಯ, ಬೀಡಿ, ಮೂರ್ತೆ (ಕಳ್ಳು ಇಳಿಸುವುದು), ಕೂಲಿ. ಪೆನ್ಷನ್ನಿಗೆ, ಪಾಸ್‌ಪೋರ್ಟಿಗೆ ಹುಟ್ಟಿದ ದಿನದ ದಾಖಲೆ ಬೇಕಾದ ಹಿರಿಯರು ಇವತ್ತಿಗೂ ಹುಡುಕಿಕೊಂಡು ಬರುವುದು ಈ ಪುಸ್ತಕಗಳನ್ನೇ. ಈಗಿನ ಮಕ್ಕಳ ವಿವರ ಕೇರಳದ ಶಾಲೆಗಳ ‘ಸಂಪೂರ್ಣ’ ಸಾಫ್ಟ್‌ವೇರಿನಲ್ಲಿದೆ. ಅಜ್ಜ ಅಜ್ಜಿಯರದು ಇಲ್ಲಿ ಮಾತ್ರ.

ಇವನ್ನು ಬಾಗಿಲ ಬಳಿ ಗಾಜಿನ ಶೋಕೇಸಿನಲ್ಲಿಟ್ಟರೆ ಚಂದ ಅನ್ನುವುದು ಮೊದಲ ಯೋಚನೆ. ಚಂದವೇನೋ ಹೌದು, ಆದರೆ ಗಾಳಿಯಾಡದ ಗಾಜಿನೊಳಗೆ ನಮ್ಮ ಮಳೆಗಾಲ ಕಳೆದರೆ ಬೂಷ್ಟು ಹಿಡಿಯದೆ ಇರುತ್ತದೆಯೇ? ನಾವು ಕೆಲವರು ಪಟ್ಟು ಹಿಡಿದೆವು. ಈಗ ಅವು ಸ್ಟೀಲಿನ ರ‍್ಯಾಕಿನಲ್ಲಿವೆ. ಹೊರಗೋಡೆಗೆ ತಾಗದಂತೆ, ನೆಲದಿಂದ ಎತ್ತರದಲ್ಲಿ, ಗಾಳಿಯಾಡುವ ಬಾಗಿಲಿನ ಹಿಂದೆ. ಲೇಬಲ್ಲು ಕನ್ನಡ, ಮಲಯಾಳ ಎರಡರಲ್ಲೂ ಇದೆ. ಕೇರಳದ ತೆಂಕಣ ಜಿಲ್ಲೆಗಳಿಂದ ವರ್ಗವಾಗಿ ಬರುವ ಗುಮಾಸ್ತರಿಗೆ ಬೇಕಾದ ವರ್ಷದ ಪುಸ್ತಕವಾದರೂ ಸಿಗಲಿ ಅಂತ. ಒಳಗಿನ ಅಕ್ಷರ ಓದಲು ಮಾತ್ರ ಕನ್ನಡ ಬರುವವರನ್ನೇ ಕರೆಯಬೇಕು. ಆ ಕೊರತೆಗೆ ಯಾವ ಇಂಟೀರಿಯರ್ ಡಿಸೈನಿನಲ್ಲೂ ಮದ್ದಿಲ್ಲ.

ಮುಂದಿನ ಏಪ್ರಿಲ್-ಮೇ ರಜೆಯಲ್ಲಿ ಸ್ಟಾಫ್ ರೂಮಿನ ಸರದಿಯಂತೆ. ಅಲ್ಲಿ ಸೀಲಿಂಗ್ ಬೇಡ, ಮಾಡಿನ ಮರದ ಪಕ್ಕಾಸು ರೀಪುಗಳಿಗೆ ಗೇರೆಣ್ಣೆ (ಗೇರುಬೀಜದ ಸಿಪ್ಪೆಯ ಎಣ್ಣೆ) ಬಳಿದು ಹಾಗೇ ಬಿಡಿ ಎಂದು ಮೀಟಿಂಗಿನಲ್ಲಿ ಹೇಳಿದ್ದೇನೆ. ಉಳಿದ ದುಡ್ಡಿಗೆ ರಿಜಿಸ್ಟರುಗಳನ್ನು ಸ್ಕ್ಯಾನ್ ಮಾಡಿಸಬಹುದು. ಹಳೆ ಕೈಬರಹ ಓದಬಲ್ಲ ಹಿರಿಯ ವಿದ್ಯಾರ್ಥಿಗಳು ರಜೆಯಲ್ಲಿ ಒಂದೆರಡು ದಿನ ಬಂದು ಕೂತರೆ ಹೆಸರುಗಳ ಪಟ್ಟಿಯೂ ಆದೀತು. ಕನ್ನಡಕ ಮರೆಯದೆ ತನ್ನಿ.